ಮಶೀನು ಹಚ್ಚದ ತಲೆ

ಮೊದಲು ಕಿವಿಗಳು ಕಾಣದಾದವು. ಆಮೇಲೆ ಅಂಗಿಯ ಕಾಲರು ಕಾಣದಾಯಿತು.

ಇಂಡಿಯ ಬಸ್ ನಿಲ್ದಾಣದ ಎದುರು ನನ್ನದೊಂದು ಸಣ್ಣ ಕಟಿಂಗ್ ಅಂಗಡಿ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಎಪ್ಪತ್ತರ ದಶಕ ಅರ್ಧಕ್ಕೆ ಬಂದಿತ್ತು. ರಸ್ತೆಯಲ್ಲಿ ಹೋಗುವ ಹರೆಯದವರ ತಲೆಗಳನ್ನು ನಾನು ಖಾಲಿ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ಎಲ್ಲವೂ ಪರಿಚಯದ ತಲೆಗಳೇ. ಯಾರ ಸುಳಿ ಎಡಕ್ಕಿದೆ, ಯಾರ ಹಿಂದಲೆ ಚಪ್ಪಟೆ, ಯಾರಿಗೆ ಕಿವಿಯ ಹಿಂದೆ ನರೂಲಿ ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಅವೇ ತಲೆಗಳು ಈಗ ಕೂದಲು ಹಾರಿಸುತ್ತ, ಬೆಲ್‌ಬಾಟಮ್ ಪ್ಯಾಂಟಿನಲ್ಲಿ ಧೂಳೆಬ್ಬಿಸುತ್ತ, ನನ್ನ ಬಾಗಿಲ ಮುಂದೆಯೇ ದಾಟಿ ಹೋಗುತ್ತಿದ್ದವು.

ನಾನು ಕಲಿತ ಕೆಲಸ ಒಂದೇ ತರಹದ್ದು. ಕೈಮಶೀನನ್ನು ಕತ್ತಿನ ಹಿಂದೆ ಹೆಡಕಿನಿಂದ ಮೇಲಕ್ಕೆ ಏರಿಸುವುದು, ಕಿವಿಯ ಸುತ್ತ ಬಳಸಿ ತರುವುದು, ನೆತ್ತಿಯ ಮೇಲೆ ಒಂದಿಷ್ಟು ಉಳಿಸುವುದು, ಕೊನೆಗೆ ಕತ್ತಿಯಿಂದ ಅಂಚು ಹಿಡಿಯುವುದು. ಶಾಲೆಯ ಹುಡುಗನಿಗೂ ಅದೇ, ತಹಸೀಲ ಕಚೇರಿಯ ಗುಮಾಸ್ತನಿಗೂ ಅದೇ. ಕೂದಲು ಕಿವಿಗೆ ತಾಗಿತೆಂದರೆ ಮನೆಯಲ್ಲಿ ಹಿರಿಯರೇ ಬೈದು ಅಂಗಡಿಗೆ ಅಟ್ಟುತ್ತಿದ್ದರು. ಈಗ ದೀಪಾವಳಿಗೆ ಬಂದವನು ಯುಗಾದಿಗೆ ಬರತೊಡಗಿದ. ಬಂದರೂ “ತುದಿ ಅಷ್ಟ ತಗೀರಿ, ಮಶೀನ್ ಮುಟ್ಟಬ್ಯಾಡ್ರಿ” ಎಂದು ಮೊದಲೇ ಎಚ್ಚರಿಸುತ್ತಿದ್ದ.

ಒಂದು ದಿನ ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಹೊಸ ಗುಮಾಸ್ತ ಒಳಗೆ ಬಂದ. ಭುಜ ಮುಟ್ಟುವ ಕೂದಲು.

“ಸ್ಟೆಪ್ ಕಟ್ ಮಾಡ್ತೀರೇನ್ರಿ?” ಎಂದು ಕೇಳಿದ.

ಕುರ್ಚಿ ಬೆಳಿಗ್ಗೆಯಿಂದ ಖಾಲಿ ಇತ್ತು. “ಮಾಡ್ತೇನಿ, ಕೂಡ್ರಿ” ಎಂದೆ.

ನೆತ್ತಿಯ ಮೇಲಿನ ಕೆಲಸ ಹೇಗೋ ಸಾಗಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕೆಂಬುದು ಹೆಸರಿನಿಂದಲೇ ಗೊತ್ತಿತ್ತಲ್ಲ. ಹೆಡಕಿಗೆ ಬಂದಾಗ ಕೈ ನನ್ನನ್ನು ಕೇಳಲಿಲ್ಲ. ಮೇಜಿನ ಮೇಲಿದ್ದ ಮಶೀನನ್ನು ತಾನೇ ಎತ್ತಿಕೊಂಡಿತು. ಕರ್ ಎಂಬ ಸದ್ದಿಗೆ ಆತ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಅಷ್ಟರಲ್ಲಿ ಹೆಡಕಿನ ನಡುವೆ ಬಿಳಿ ಪಟ್ಟಿಯೊಂದು ಎದ್ದಿತ್ತು. ಅದನ್ನು ಸರಿಮಾಡಲು ಎಡಗಡೆ ತೆಗೆದೆ. ಎಡಗಡೆ ಸರಿದೂಗಿಸಲು ಬಲಗಡೆ ತೆಗೆದೆ. ಕೊನೆಗೆ ತಲೆಯ ಮೇಲೆ ಗಡಿಗೆ ಬೋರಲು ಹಾಕಿದಂತಾಯಿತು. ಆತ ಬೈಯಲಿಲ್ಲ. ಕರವಸ್ತ್ರ ತೆಗೆದು ತಲೆಗೆ ಕಟ್ಟಿಕೊಂಡು ಎದ್ದು ಹೋದ. ಆಮೇಲೆ ಬಹಳ ದಿನ ಟೊಪ್ಪಿಗೆ ಹಾಕಿಕೊಂಡೇ ಕಚೇರಿಗೆ ಹೋಗುತ್ತಿದ್ದ. ಅವನ ದಾರಿ ನನ್ನ ಅಂಗಡಿಯ ಮುಂದಿನದೇ. ಆ ಟೊಪ್ಪಿಗೆ ಬರುವುದು ದೂರದಿಂದ ಕಂಡರೆ ನಾನು ಒಳಗೆ ಸರಿದು ಕತ್ತಿ ಮಸೆಯುತ್ತ ನಿಲ್ಲುತ್ತಿದ್ದೆ.

ಊರಿಗೆಲ್ಲ ಸುದ್ದಿಯಾಯಿತು. ಹರೆಯದವರು ರವಿವಾರ ಇಂಡಿ ರೋಡ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಕಟಿಂಗ್ ಮಾಡಿಸಿಕೊಂಡು, ಸಿನಿಮಾ ನೋಡಿಕೊಂಡು ಸಂಜೆ ಮರಳತೊಡಗಿದರು.

ಅದೇ ಸುಗ್ಗಿಯಲ್ಲಿ ಹಳ್ಳಿಯಿಂದ ಅಪ್ಪ ಬಂದ. ಅಗರಖೇಡದ ಹಾದಿಯಲ್ಲಿ ನಮ್ಮ ಹಳ್ಳಿ. ಅಪ್ಪನಿಗೆ ಅಲ್ಲಿ ಅಂಗಡಿಯಿಲ್ಲ. ಕತ್ತಿ, ಮಶೀನು ತುಂಬಿದ ಹಡಪದ ಚೀಲ ಬಗಲಿಗೆ ಹಾಕಿಕೊಂಡು ರೈತರ ಮನೆ ಮನೆಗೆ ಹೋಗಿ ಕ್ಷೌರ ಮಾಡುವುದು, ವರ್ಷಕ್ಕೊಮ್ಮೆ ರಾಶಿಯಾದಾಗ ಕಣದಲ್ಲಿ ಅವರು ಕೊಡುವ ಆಯದ ಜೋಳ ತರುವುದು. ಅಜ್ಜನ ಕಾಲದಿಂದ ನಡೆದು ಬಂದದ್ದು. ಆ ಸಲ ಕಣದಲ್ಲಿ ಗೌಡರು ಎಲ್ಲರೆದುರು ಮಾತು ತೆಗೆದಿದ್ದರಂತೆ.

ಅಪ್ಪ ಕುರ್ಚಿಯ ಮೇಲೆ ಕೂಡದೆ ಹೊಸ್ತಿಲಲ್ಲೇ ಕೂತು ಹೇಳಿದ: “ಹುಡುಗೂರ ತಲಿ ನೀ ಮುಟ್ಟಂಗಿಲ್ಲ, ಮುದುಕೂರ ತಲಿಗಿ ಪೂರಾ ಆಯ ಹ್ಯಾಂಗ ಕೊಡೂದು ಅಂದ್ರು. ಮುಟ್ಟಂಗಿಲ್ಲ ಅಂತ ನಾ ಯಾವಾಗ ಅಂದೆ? ಅವರ ನನ್ನ ಮುಂದ ಕೂಡವಲ್ರು. ಹರಕಿ ಹೊತ್ತವರು ಕೂದಲಾ ಬಿಡ್ತಿದ್ರು. ಈಗ ಹರಕಿ ಇಲ್ಲದನ ಬಿಟ್ಟಾರ.”

“ಯಪ್ಪಾ, ನಾ ಸೊಲ್ಲಾಪುರಕ್ಕ ಹೋಗಿ ಮಾಮಾನ ಅಂಗಡ್ಯಾಗ ಈ ಹೊಸಾ ಕಟಿಂಗ್ ಕಲ್ತು ಬರ್ತೇನಿ” ಎಂದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತು.

ಅಪ್ಪ ನನ್ನನ್ನೇ ದಿಟ್ಟಿಸಿದ. “ನಾ ಕಲಿಸಿದ್ದು ಕೆಲಸ ಅಲ್ಲೇನು?”

ನಾನು ಕತ್ತಿ ಎತ್ತಿ ಮಸೆಯತೊಡಗಿದೆ. ಹೂಂ ಎನ್ನದೆ, ಊಹೂಂ ಎನ್ನದೆ ಅಪ್ಪ ಮಧ್ಯಾಹ್ನದ ಬಸ್ಸಿಗೆ ಹಳ್ಳಿಗೆ ಹೋದ. ನಾನು ಅಂಗಡಿಗೆ ಕೀಲಿ ಹಾಕಿದೆ. “ಗಿರಾಕಿ ಬಂದು ಕೀಲಿ ನೋಡಿ ಹೋದರ ಮತ್ತ ಬರ್ತಾರೇನು?” ಎಂದು ಹೆಂಡತಿ ಕೇಳಿದಳು. ಹೋಗುವುದಿತ್ತು, ಹೋದೆ.

ಸೊಲ್ಲಾಪುರದಲ್ಲಿ ಸೋದರಮಾವನ ಅಂಗಡಿ ಬಟ್ಟೆ ಗಿರಣಿಗಳ ಹತ್ತಿರ. ಪಾಳಿ ಬಿಟ್ಟೊಡನೆ ಕಾರ್ಮಿಕರು ಬಂದು ಸಾಲಾಗಿ ಕೂಡುತ್ತಿದ್ದರು. ಮಾವ ಮೊದಲು ಮಾಡಿದ ಕೆಲಸವೆಂದರೆ ನನ್ನ ಚೀಲದಿಂದ ಮಶೀನು ತೆಗೆದು ರೊಕ್ಕದ ಗಲ್ಲೆಯ ಕೆಳಗಿನ ಖಾನೆಯಲ್ಲಿಟ್ಟು ಕೀಲಿ ಹಾಕಿದ್ದು. “ಇದು ಊರಿಗಿ ಹೋಗೂ ದಿನಾ ಸಿಗ್ತೈತಿ” ಎಂದ.

ಮೊದಲ ಕೆಲವು ದಿನ ಕಸ ಗುಡಿಸಿದೆ, ನೋಡಿದೆ. ಆಮೇಲೆ ಕತ್ತರಿ ಹಿಡಿಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು. ನಾನು ಕತ್ತರಿಯ ಎರಡೂ ಅಲಗು ಆಡಿಸುತ್ತಿದ್ದೆ. ಮಾವ ನನ್ನ ಮುಂಗೈ ಹಿಡಿದು, “ಹೆಬ್ಬೆರಳಷ್ಟ ಆಡಬೇಕು. ಕೆಳಗಿನ ಅಲಗು ಅಳ್ಳಾಡಬಾರದು” ಎಂದು ಕಲಿಸಿದ. ಗಿರಾಕಿ ಇಲ್ಲದಾಗ ಗೋಡೆಗೆ ಮುಖ ಮಾಡಿ ಬರಿ ಗಾಳಿಯನ್ನು ಕತ್ತರಿಸುತ್ತ ನಿಲ್ಲುತ್ತಿದ್ದೆ. ಸಂಜೆಗೆ ಹೆಬ್ಬೆರಳಿನ ಬುಡ ಊದಿಕೊಳ್ಳುತ್ತಿತ್ತು.

ಕ್ರಮ ಹೀಗಿತ್ತು. ಕೂದಲಿಗೆ ನೀರು ಚಿಮುಕಿಸಿ ಹಣಿಗೆಯಿಂದ ಅದು ಬೀಳುವ ದಿಕ್ಕಿಗೇ ಇಳಿಬಿಡಬೇಕು. ಸುಳಿ ಎಲ್ಲಿದೆ, ಎತ್ತ ತಿರುಗಿದೆ ನೋಡಬೇಕು. ಒಂದೊಂದೇ ಎಳೆಗಟ್ಟು ಎತ್ತಿ ಎರಡು ಬೆರಳ ನಡುವೆ ಹಿಡಿದು, ಬೆರಳಿನಾಚೆ ಉಳಿದದ್ದನ್ನಷ್ಟೇ ತೆಗೆಯಬೇಕು. ಮುಂದಿನ ಗಟ್ಟು ಹಿಡಿಯುವಾಗ ಈಗಾಗಲೇ ಕತ್ತರಿಸಿದ್ದರಲ್ಲಿ ಒಂದಿಷ್ಟು ಜೊತೆಗೆ ಬರಬೇಕು, ಅದೇ ಅಳತೆ. ಒದ್ದೆ ಕೂದಲು ಒಣಗಿದ ಮೇಲೆ ಮೇಲಕ್ಕೇಳುತ್ತದೆ. ಅದಕ್ಕೆಂದೇ ಬೇಕಾದದ್ದಕ್ಕಿಂತ ಉದ್ದ ಬಿಡಬೇಕು. ದಪ್ಪಗಿದ್ದಲ್ಲಿ ಹಲ್ಲಿನ ಕತ್ತರಿಯಿಂದ ಒಳಗೊಳಗೆ ತೆಳು ಮಾಡಬೇಕು. ಹೆಡಕಿನಲ್ಲಿ ಹಣಿಗೆಯನ್ನು ಚರ್ಮಕ್ಕೆ ಒರಗಿಸಿದಂತೆ ಹಿಡಿದು ಅದರ ಮೇಲೆ ಕತ್ತರಿ ಓಡಿಸಬೇಕು. ನಾವು ಕೂದಲು ಎಷ್ಟು ತೆಗೆದೆವೆಂಬುದನ್ನು ನೋಡಿ ಕಲಿತವರು. ಇಲ್ಲಿ ನೋಡಬೇಕಾದದ್ದು ಎಷ್ಟು ಉಳಿಯಿತೆಂಬುದನ್ನು.

ಎರಡು ತಲೆ ಕೆಡಿಸಿದೆ. ಒಬ್ಬ ಗಿರಣಿಯವನು ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ಬೈದು, ಮಾವನ ಕೈಯಿಂದ ಸರಿಮಾಡಿಸಿಕೊಂಡು ಹೋದ. ಬೇಸಿಗೆ ಮುಗಿಯುವ ಹೊತ್ತಿಗೆ ಇನ್ನೊಬ್ಬ, ನಾನೇ ಹಿಂದೆ ಕಟಿಂಗ್ ಮಾಡಿದ್ದವನು, ಮಾವನ ಕುರ್ಚಿ ಖಾಲಿಯಿದ್ದರೂ ನನ್ನ ಮುಂದೆ ಬಂದು ಕೂತ. ಮಾವ ಖಾನೆಯ ಕೀಲಿ ತೆಗೆದು ಮಶೀನು ಕೈಗಿತ್ತ.

ಊರಿಗೆ ಬಂದು ಅಂಗಡಿಯ ಧೂಳು ಕೊಡವುತ್ತಿರುವಾಗಲೇ ಹಳ್ಳಿಯಿಂದ ಅಪ್ಪನ ಹೇಳಿಕೆ ಬಂತು: ಗೌಡರ ಮಗನ ಮದುವೆ, ನೀನೂ ಬಾ. ಸುರಗಿಯ ಮಂಗಳಸ್ನಾನದ ನೀರು ಹಾಕುವ ಮೊದಲು ಮದುಮಗನ ಕ್ಷೌರ ನಮ್ಮ ಮನೆತನದ ಹಕ್ಕು. ಮಣೆಯ ಕೆಳಗೆ ಹರವಿದ ಜೋಳ, ಹೊಸ ಧೋತರ, ತೆಂಗಿನಕಾಯಿ ನಮಗೆ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸುಗ್ಗಿಗೆ ಆಯ ಉಳಿಯುತ್ತದೋ ಇಲ್ಲವೋ ಎಂಬುದು ಗೌಡರ ನಾಲಿಗೆಯ ಮೇಲಿತ್ತು. ಅವರು ಅಂದದ್ದನ್ನೇ ಉಳಿದ ರೈತರೂ ಅನ್ನುತ್ತಿದ್ದರು.

ಮದುಮಗ ನನಗಿಂತ ಐದಾರು ವರ್ಷ ಚಿಕ್ಕವನು. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ. ಮದುವೆಯ ಹಂದರದಲ್ಲಿ ಅವನನ್ನು ಕಂಡಾಗ ನನಗೆ ಥಟ್ಟನೆ ಗುರುತು ಹತ್ತಲಿಲ್ಲ. ಕೂದಲು ಕಿವಿ ಮುಚ್ಚಿ, ಹೆಡಕಿನ ಕೆಳಗೆ ಇಳಿದು, ಅಂಗಿಯ ಮೇಲೆ ಮಲಗಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸಿಂದಗಿಯ ಕಡೆಯ ಬೀಗರು ಜಮಖಾನದ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿದ್ದರು.

ಮಣೆ ಹಾಕಿದರು. ಮದುಮಗ ಕೂತ. ಅಪ್ಪ ಹಡಪ ಬಿಚ್ಚಿ ದಾಡಿ ಮಾಡಿ ಮುಗಿಸಿದ, ಉಗುರು ತೆಗೆದ. ಗೌಡರು ನಿಂತಲ್ಲಿಂದಲೇ ಕೂಗಿದರು: “ಮುದುಕಾ, ಮಶೀನ್ ಹಚ್ಚು. ಬೀಗರ ಮುಂದ ಮಾನಾ ಹೊಂಟೈತಿ. ತಲಿ ಸ್ವಚ್ಛ ಆಗಬೇಕು.”

ಅಪ್ಪ ಮಶೀನು ಎತ್ತಿದ. ಮದುಮಗ ಅಪ್ಪನ ಮುಂಗೈ ಹಿಡಿದುಕೊಂಡ. “ಕಾಕಾ, ಬ್ಯಾಡ್ರಿ” ಎಂದ. ಬಹಳ ಸಣ್ಣ ದನಿಯಲ್ಲಿ. ಹತ್ತಿರವಿದ್ದ ನಮಗಿಬ್ಬರಿಗಷ್ಟೇ ಕೇಳಿಸಿರಬೇಕು.

ಅವನು ಬೇಡವೆಂದದ್ದು ಏಕೆಂದು ನನಗೆ ಆಗ ಹೊಳೆಯಿತು. ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕೈಕಾಲು ಸೆಟೆದವೆಂದು ಮನೆಯವರು ಅವನಿಗೆ ಬರೆ ಹಾಕಿಸಿದ್ದರು. ಕಾಯಿಸಿದ ಕಬ್ಬಿಣದ ಮೂರು ಗೆರೆ, ಬಲಗಿವಿಯ ಹಿಂದಿನಿಂದ ಹೆಡಕಿನವರೆಗೆ. ಕೂಸು ಬದುಕಿತು, ಗೆರೆಗಳು ಬೆಳೆದವು. ಅಲ್ಲಿ ಕೂದಲು ಹುಟ್ಟುವುದಿಲ್ಲ. ನಾನು ಅಪ್ಪನ ಜೊತೆ ಮನೆ ಮನೆಗೆ ಹೋಗುತ್ತಿದ್ದ ಕಾಲದಲ್ಲಿ, ಮಶೀನು ಹಚ್ಚಿದ ಮರುದಿನ ಅವನು ಶಾಲೆಗೆ ಹೋಗಲು ಒಲ್ಲೆನೆಂದು ಅಳುತ್ತಿದ್ದದ್ದನ್ನು ನೋಡಿದ್ದೇನೆ. ಹುಡುಗರು ಅವನನ್ನು ಬರಿಗ್ಯಾ ಎಂದೇ ಕರೆಯುತ್ತಿದ್ದರು. ಊರಿಗೆ ಉದ್ದ ಕೂದಲು ಬಂದದ್ದು ಷೋಕಿಗೆ. ಇವನಿಗೆ ಮಾತ್ರ ಅದರಿಂದ ತಲೆಯೆತ್ತಿ ನಡೆಯಲು ಆಗಿತ್ತು.

“ಏನ್ ಹೇಳ್ತಾನ ಅಂವಾ?” ಗೌಡರು ಹತ್ತಿರ ಬಂದರು. ಬೀಗರ ಮುಂದೆ ಬರೆಯ ಮಾತು ಮಗ ಹೇಗೆ ಆಡಿಯಾನು? “ಹಿಡೀರೋ ಇವನ್ನ” ಎಂದು ಗೌಡರು ಇಬ್ಬರು ಆಳುಗಳಿಗೆ ಹೇಳಿದರು. ಇಬ್ಬರೂ ಬಂದು ಅವನ ಎರಡು ಭುಜ ಒತ್ತಿ ಹಿಡಿದರು. ಹೆಂಗಸರ ನಗೆ ನಿಂತಿತು. ಮದುಮಗನ ಆಗಷ್ಟೇ ಬೋಳಿಸಿದ ಕೆನ್ನೆಗಳ ಮೇಲೆ ಕಣ್ಣೀರಿಳಿಯಿತು.

ಅಪ್ಪ ಮಶೀನು ಹಿಡಿದು ನಿಂತಿದ್ದ. ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ನಾನು ಎದ್ದೆ. ಅಪ್ಪನ ಮುಂದೆ ಕೈ ಚಾಚಿ ಮದುಮಗನ ತಲೆಗೆ ಅಡ್ಡ ಹಿಡಿದು, “ಗೌಡ್ರ, ಈ ತಲಿಗಿ ಮಶೀನ್ ಹಚ್ಚಂಗಿಲ್ರಿ. ಕತ್ತರೀಲೆ ನಾ ಮಾಡ್ತೇನಿ” ಎಂದೆ.

“ನೀ ಯಾರು ಹೇಳಾಂವಾ? ಹಕ್ಕು ನಿಮ್ಮಪ್ಪಂದು.”

“ಹಕ್ಕು ಅಪ್ಪಂದ ರೀ. ಕೆಲಸಾ ನಂದು. ಕೂದಲಾ ಸಣ್ಣ ಆಗ್ತಾವ, ಬೀಗರ ಮುಂದ ನಿಮ್ಮ ಮಾನ ಹೋಗಂಗಿಲ್ಲ. ಚಲೋ ಆಗಲಿಲ್ಲ ಅಂದ್ರ ಇನ್ನ ಮುಂದ ನಮ್ಮ ಮನಿತನದಾವರು ನಿಮ್ಮ ಅಂಗಳಾ ತುಳಿಯಂಗಿಲ್ಲ.”

ಆ ಕೊನೆಯ ಮಾತು ಆಡಲು ನಾನು ಅಪ್ಪನನ್ನು ಕೇಳಿರಲಿಲ್ಲ. ಬೀಗರಲ್ಲಿ ಒಬ್ಬ ಹಿರಿಯ, “ಮಾಡ್ಲಿ ಬಿಡ್ರಿ ಗೌಡ್ರ, ಹೊತ್ತಾಗತೈತಿ” ಎಂದ. ಗೌಡರು ಕೈ ಬೀಸಿದರು. ಆಳುಗಳು ಭುಜ ಬಿಟ್ಟರು.

ಅಪ್ಪ ಮಶೀನನ್ನು ಮಣೆಯ ಪಕ್ಕದಲ್ಲಿಟ್ಟು ಹಿಂದೆ ಸರಿದ.

ತಂಬಿಗೆಯ ನೀರು ಚಿಮುಕಿಸಿ ಹಣಿಗೆ ಆಡಿಸಿದೆ. ಸುಳಿ ನೆತ್ತಿಯ ಎಡಕ್ಕಿತ್ತು. ಕೂದಲೆಲ್ಲ ತಾನಾಗಿಯೇ ಬಲಕ್ಕೆ ಬೀಳುತ್ತಿತ್ತು. ಅದೊಂದು ಅನುಕೂಲ. ತೊಡಕೆಂದರೆ, ಗೌಡರಿಗೆ ಕಿವಿ ಕಾಣಬೇಕು, ಹೆಡಕು ಕಾಣಬೇಕು. ಮಗನಿಗೆ ಬಲಗಿವಿಯ ಹಿಂದಿನದು ಕಾಣಬಾರದು. ಬಲಗಡೆ ಮಾತ್ರ ಉದ್ದ ಬಿಟ್ಟರೆ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ಕಿವಿಯ ಮುಂದಿನಿಂದ ಶುರು ಮಾಡಿದೆ. ಅಲ್ಲಿ ಚಿಕ್ಕದಾಗಿ ಕತ್ತರಿಸಿ ಎರಡೂ ಕಿವಿ ಅರ್ಧ ತೆರೆದೆ. ನೆತ್ತಿಯ ಮೇಲೆ ಒಂದೊಂದೇ ಗಟ್ಟು ಎತ್ತಿ ಬೆರಳಳತೆಯಲ್ಲಿ ತೆಗೆಯುತ್ತ ಹಿಂದಕ್ಕೆ ಬಂದೆ. ಬರೆಯ ಮೇಲಿನ ಕೂದಲನ್ನು ಬೆರಳಿಂದ ಒತ್ತಿ ನೋಡಿದೆ. ಗೆರೆಗಳ ಮೇಲಂಚಿನಲ್ಲಿ ಕೂದಲು ದಟ್ಟವಾಗಿತ್ತು. ಅದನ್ನು ತೆಳು ಮಾಡದೆ ಹಾಗೇ ಬಿಟ್ಟು, ಗೆರೆಗಳ ತುದಿ ಮುಚ್ಚುವಷ್ಟಕ್ಕೆ ಕತ್ತರಿಸಿದೆ. ಎಡಗಡೆ ಮುಚ್ಚುವುದೇನೂ ಇರಲಿಲ್ಲ. ಆದರೂ ಅಷ್ಟೇ ಉದ್ದ ಉಳಿಸಿದೆ. ಹಣಿಗೆಯ ಮೇಲೆ ಕತ್ತರಿ ಓಡಿಸಿ ಹೆಡಕಿನ ಕೆಳಭಾಗ ತೆರೆದೆ. ಕೂದಲು ಒಣಗಿದರೆ ಮೇಲೇಳುತ್ತದೆಂಬ ಹೆದರಿಕೆಯೂ ಇತ್ತು. ಟವೆಲ್ಲಿನಿಂದ ಒರೆಸಿ, ಒಣಗುವವರೆಗೆ ಕಾದು, ಮತ್ತೆ ನೋಡಿದೆ. ಗೆರೆ ಕಾಣಲಿಲ್ಲ.

ಕೈಗನ್ನಡಿ ಹಿಂದೆ ಹಿಡಿದು ಮದುಮಗನಿಗೆ ತೋರಿಸಿದೆ. ಅವನು ಬಲಗೈ ಹಿಂದೆ ಒಯ್ದು ಬೆರಳಿಂದ ಮುಟ್ಟಿಕೊಂಡ. ಭುಜಗಳು ಸಡಿಲಾದವು.

ಗೌಡರು ಸುತ್ತು ಹಾಕಿ ನೋಡಿದರು. ಕಿವಿ ಕಂಡವು, ಹೆಡಕು ಕಂಡಿತು. ಬಲಗಡೆ ಬಂದು ಒಂದು ಕ್ಷಣ ನಿಂತರು. ನಿಂತದ್ದು ಏಕೋ, ಬರೆ ಹಾಕಿಸಿದ ದಿನ ನೆನಪಾಯಿತೋ ನನಗೆ ತಿಳಿಯದು. “ಆತು, ನೀರ ಹಾಕ್ರಿ” ಎಂದು ಹೋಗಿಬಿಟ್ಟರು.

ಸುರಗಿಯಾಯಿತು, ಅಕ್ಕಿಕಾಳು ಬಿದ್ದವು, ಊಟವಾಯಿತು. ಊಟದ ಮೇಲೆ ಊರ ಹರೆಯದವರು ಒಬ್ಬರ ಹಿಂದೊಬ್ಬರು ಬಂದು ಬೇವಿನ ಗಿಡದ ಕೆಳಗೆ ನನ್ನ ಮುಂದೆ ಕೂತರು. “ಗೌಡ್ರ ಮಗಗ ಮಾಡಿದಾಂಗ ಮಾಡು ಅಣ್ಣಾ.” ವರ್ಷಗಟ್ಟಲೆ ಅಪ್ಪನಿಂದ ತಪ್ಪಿಸಿಕೊಂಡು ತಿರುಗಿದ ತಲೆಗಳು. ಅಪ್ಪ ಅಲ್ಲೇ, ಹತ್ತು ಮಾರು ದೂರ, ಹಡಪ ಬಿಚ್ಚಿಕೊಂಡು ಕೂತಿದ್ದ. ಅವನ ಮುಂದೆ ಯಾರೂ ಕೂಡಲಿಲ್ಲ. ನಾನು ಒಬ್ಬಿಬ್ಬರಿಗೆ, “ದಾಡಿ ಅಪ್ಪನ ಕಡೆ ಮಾಡಿಸ್ಕೋರಿ” ಎಂದೆ. ಕೇಳಿಸದವರಂತೆ ಎದ್ದು ಹೋದರು.

ಧೋತರ, ಕಾಯಿ, ಮಣೆಯ ಕೆಳಗಿನ ಜೋಳ ಕೊಡುವಾಗ ಗೌಡರು ಅಪ್ಪನಿಗೆ, “ಇನ್ನ ಮ್ಯಾಲ ಹುಡುಗೂರೆಲ್ಲ ಇಂಡಿಗೆ ನಿನ್ನ ಮಗನ ಅಂಗಡಿಗೆ ಹೋಗ್ತಾರ. ನೀ ತ್ರಾಸ ತಗೋಬ್ಯಾಡ” ಎಂದರು. ಸಿಟ್ಟಿನಿಂದಲ್ಲ, ಉಪಕಾರ ಮಾಡಿದವರ ದನಿಯಲ್ಲಿ. ಅಪ್ಪ ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡ.

ಮನೆಯ ಹಾದಿಯಲ್ಲಿ ನಾನು ಜೋಳದ ಗಂಟು ಹೊತ್ತಿದ್ದೆ. ಅಪ್ಪ ಮುಂದೆ ನಡೆದಿದ್ದ. ಹಳ್ಳ ದಾಟುವಾಗ ನಿಂತ.

“ಆ ಬರಿ ನನಗ ಗೊತ್ತಿಲ್ಲಂತ ತಿಳದೇನು? ಅವನ ಜವಳಾ ತಗದಾಂವ ನಾ. ಮಶೀನ್ ಹಚ್ಚೂ ಮುಂದ ಪ್ರತಿ ಸಲಾ ಅಲ್ಲಿ ಒಂದೀಟ ಕೂದಲಾ ಬಿಡ್ತಿದ್ದೆ. ಇನ್ನೂ ಸಣ್ಣ ಮಾಡು ಅಂತ ಗೌಡ್ರ ಬೈತಿದ್ರು.”

“ಮತ್ತ ಯಾಕ ಸುಮ್ಮನ ನಿಂತಿ, ಯಪ್ಪಾ?”

“ಒಲ್ಲೆ ಅನ್ನಾಂವಿದ್ದೆ.” ಅಪ್ಪ ಹಳ್ಳದ ನೀರಿನ ಕಡೆ ನೋಡುತ್ತ ಹೇಳಿದ. “ಗೌಡ್ರಿಗಿ ಒಮ್ಮಿನೂ ಒಲ್ಲೆ ಅಂದಾಂವಲ್ಲ ನಾ. ಬಾಯಿಗಿ ಬರಾಕ ಹೊತ್ತು ಹಿಡೀತು. ಅಷ್ಟ್ರಾಗ ನೀ ಎದ್ದಿ.”

ಅಪ್ಪ ನಿಜಕ್ಕೂ ಒಲ್ಲೆ ಅನ್ನುತ್ತಿದ್ದನೋ, ಆಳುಗಳು ಹಿಡಿದಿದ್ದ ಆ ತಲೆಯ ಮೇಲೆ ಮಶೀನು ಏರುತ್ತಿತ್ತೋ, ಯಾರಿಗೆ ಗೊತ್ತು. ಅದನ್ನು ತಿಳಿಯಲೆಂದು ನಾನು ಕಾಯುತ್ತ ಕೂಡುವುದು ಸಾಧ್ಯವಿರಲಿಲ್ಲ. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಆದರೆ ಅವನ ಮುಖ ನೋಡಿದ ಮೇಲೆ, ಗೆದ್ದೆನೆಂಬ ಸಂತೋಷ ಗಂಟಿನ ಭಾರದ ಕೆಳಗೆ ಎಲ್ಲೋ ಕುಸಿದುಹೋಯಿತು.

ನನ್ನ ಅಂಗಡಿ ಕುದುರಿತು. ಸಂತೆಯ ದಿನ ಸುತ್ತಲ ಹಳ್ಳಿಯವರು ಬಂದು ಬೆಂಚಿನ ಮೇಲೆ ಜಾಗವಿಲ್ಲದೆ ಹೊರಗೆ ನಿಲ್ಲುತ್ತಿದ್ದರು. ಟೊಪ್ಪಿಗೆಯ ಗುಮಾಸ್ತನೂ ಒಂದು ದಿನ ಅಳುಕುತ್ತಲೇ ಬಂದ. ಮುಂದಿನ ಸುಗ್ಗಿಯಲ್ಲಿ ಕಣಗಳು ಅಪ್ಪನಿಗೆ ಮುಚ್ಚಿದವು. ಮನೆಯ ಹರೆಯದವರು ಇಂಡಿಯಲ್ಲಿ ರೊಕ್ಕ ಕೊಟ್ಟು ಬರುವಾಗ ಮತ್ತೆ ಆಯವೇಕೆ ಎಂದರು ರೈತರು. ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಅಪ್ಪನಿಗೆ ಸ್ವಲ್ಪ ಸಮಾಧಾನವಿರುತ್ತಿತ್ತೇನೋ.

ಅಪ್ಪನನ್ನು ಇಂಡಿಗೆ ಕರೆತಂದೆ. ಎರಡನೇ ಕುರ್ಚಿ ಅವನಿಗೆಂದು ಬಿಟ್ಟೆ. ಕೂತವರು ನನ್ನ ಕುರ್ಚಿ ಖಾಲಿಯಾದೊಡನೆ ಎದ್ದು ಬಂದುಬಿಡುತ್ತಿದ್ದರು. ಅಪ್ಪ ನಗುತ್ತಲೇ, “ಹೋಗ್ರಿ, ಹೋಗ್ರಿ” ಎನ್ನುತ್ತಿದ್ದ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಹಡಪ ಬಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಿದ್ದನ್ನು ಕಂಡು ಹಿಂದೆ ಓಡಿದೆ. ಹಳ್ಳಿಗೆ ಹೊರಟಿದ್ದ. ಅಲ್ಲಿ ನಾಲ್ಕೈದು ಜನ ಮುದುಕರು ಉಳಿದಿದ್ದರು. ಬಸ್ ಹತ್ತಿ ಇಂಡಿಗೆ ಬರಲಾರದವರು, ಕತ್ತರಿಯ ಕಟಿಂಗ್ ಒಲ್ಲದವರು.

“ಯಪ್ಪಾ, ಆಯ ನಿಂತು ವರ್ಷ ಆಗಾಕ ಬಂತು. ಅವರು ಏನೂ ಕೊಡಂಗಿಲ್ಲ. ಯಾಕ ಹೋಗ್ತಿ?”

ಬಸ್ಸು ಬಂದು ನಿಂತಿತು. ಅಪ್ಪ ಬಾಗಿಲ ಸರಳು ಹಿಡಿದು ಒಂದು ಕಾಲು ಮೇಲಿಟ್ಟು ತಿರುಗಿದ.

“ಆಯ ನಿಂತೈತೋ ತಮ್ಮಾ. ಅವರ ಕೂದಲಾ ಬೆಳ್ಯೂದು ನಿಂತಿಲ್ಲಲ್ಲ” ಎಂದು ಹತ್ತಿ ಒಳಗೆ ಹೋದ.